ಕರಡಿಯಿಂದ ನೀರುಕರಡಿಯವರೆಗೆ

ಕರ್ನಾಟಕದ ವನ್ಯಜೀವಿ ಛಾಯಾಗ್ರಹಣದ ಮಾತು ಬಂದರೆ ಬಂಡೀಪುರ, ನಾಗರಹೊಳೆ, ಕಬಿನಿ, ಬಿಳಿಗಿರಿರಂಗನ ಬೆಟ್ಟ, ಹೆಚ್ಚೆಂದರೆ ದಾಂಡೇಲಿ. ಅಲ್ಲಿಗೆ ಪಟ್ಟಿ ಮುಗಿಯುತ್ತದೆ. ಚಿತ್ರದುರ್ಗಕ್ಕೆ ಕ್ಯಾಮೆರಾ ಹೊತ್ತು ಬರುವವರು ಬರುವುದು ಕೋಟೆಗೆ. ಓಬವ್ವನ ಕಿಂಡಿಯ ಮುಂದೆ ನಿಂತು ಫೋಟೊ ತೆಗೆಸಿಕೊಂಡು, ಮಂಗಗಳ ಕಾಟಕ್ಕೆ ಬೈದು ಹೊರಡುತ್ತಾರೆ. ಹಿರಿಯೂರು ಅವರ ಪಾಲಿಗೆ ಹೆದ್ದಾರಿಯಲ್ಲಿ ಊಟಕ್ಕೆ ನಿಲ್ಲುವ ಊರು. ಹೊಸದುರ್ಗ, ಹೊಳಲ್ಕೆರೆಗಳಿಗೆ ಆ ಭಾಗ್ಯವೂ ಇಲ್ಲ. ಕಾರಣ ಗುಟ್ಟಿನದೇನಲ್ಲ. ಇಲ್ಲಿ ಹುಲಿಯಿಲ್ಲ, ನೆಲೆ ನಿಂತ ಆನೆಹಿಂಡಿಲ್ಲ. ಆದರೂ ಈ ಕಲೆ ನೂರಿಪ್ಪತ್ತು ವರ್ಷಗಳಲ್ಲಿ ಬೆಳೆದ ದಾರಿಯನ್ನು ನೋಡಿದರೆ, ಅದು ಕ್ರಮೇಣ ಇಂಥ ಒಣಸೀಮೆಯ ಕಡೆಗೇ ಹೊರಳಿದೆ ಎಂದು ನನಗೆ ಅನ್ನಿಸುತ್ತದೆ. ದೊಡ್ಡ ಪ್ರಾಣಿಯನ್ನಷ್ಟೇ ಹುಡುಕುವ ಕಣ್ಣಿಗೆ ಖಾಲಿಯಾಗಿ ಕಂಡ ಈ ಗುಡ್ಡಗಳು ಲೆನ್ಸು ಹತ್ತಿರ ಬಂದಷ್ಟೂ ತುಂಬಿಕೊಂಡಿವೆ.

ಶುರುವಾದದ್ದು ಬೇಟೆಯಿಂದಲೇ. ಸತ್ತ ಹುಲಿಯ ಮೇಲೆ ಕಾಲಿಟ್ಟು ನಿಂತ ದೊರೆಗಳ ಚಿತ್ರಗಳು, ಕಾಕನಕೋಟೆಯ ಖೆಡ್ಡಾದಲ್ಲಿ ಹಗ್ಗಕ್ಕೆ ಸಿಕ್ಕಿಬಿದ್ದ ಆನೆಗಳ ಚಿತ್ರಗಳು ಮೈಸೂರು ಸೀಮೆಯ ಹಳೆಯ ಆಲ್ಬಮ್ಮುಗಳಲ್ಲಿ ಬೇಕಾದಷ್ಟಿವೆ. ಬದುಕಿರುವ ಪ್ರಾಣಿಯನ್ನು ಅದರ ಜಾಗದಲ್ಲೇ ಹಿಡಿಯುವ ಹಟ ಹತ್ತಿದ್ದು ಅಮೆರಿಕದ ಜಾರ್ಜ್ ಶೈರಸ್‌ನಂಥವರಿಗೆ. ಆತನೂ ಮೊದಲು ಬೇಟೆಗಾರನೇ. ರಾತ್ರಿ ದೋಣಿಯಲ್ಲಿ ಕೂತು, ಫ್ಲ್ಯಾಶ್ ಪುಡಿ ಹೊತ್ತಿಸಿ ಆತ ತೆಗೆದ ಜಿಂಕೆಗಳೂ ಸೇರಿದಂತೆ 74 ಚಿತ್ರಗಳು 1906ರ ಜುಲೈಯಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯಲ್ಲಿ ಬಂದವು. ಗಂಭೀರ ಪತ್ರಿಕೆ ಚಿತ್ರಪುಸ್ತಕವಾಗುತ್ತಿದೆಯೆಂದು ಸಿಟ್ಟಾಗಿ ಆಡಳಿತ ಮಂಡಳಿಯ ಇಬ್ಬರು ರಾಜೀನಾಮೆ ಕೊಟ್ಟರಂತೆ! ಭಾರತದಲ್ಲಿ ಅದೇ ಕೆಲಸವನ್ನು ಹುಲಿಯ ಮೇಲೆ ಪ್ರಯೋಗಿಸಿದವರು ಅರಣ್ಯಾಧಿಕಾರಿ ಎಫ್. ಡಬ್ಲ್ಯು. ಚಾಂಪಿಯನ್. ಕಾಡಿನ ದಾರಿಗೆ ಅಡ್ಡಲಾಗಿ ತಂತಿ ಕಟ್ಟುವುದು, ಹುಲಿಯ ಕಾಲು ತಂತಿಗೆ ತಾಗಿದೊಡನೆ ಫ್ಲ್ಯಾಶ್ ಸಿಡಿದು ಪ್ಲೇಟಿನ ಮೇಲೆ ಚಿತ್ರ ಮೂಡುವುದು. ಅವರ ಹುಲಿಸೀಮೆಯ ಪುಸ್ತಕ 1927ರಲ್ಲಿ ಪ್ರಕಟವಾಯಿತು. ಈ ತಂತಿಯ ಉಪಾಯ ನೆನಪಿರಲಿ, ಬಯಲುಸೀಮೆಗೆ ಮುಂದೆ ಅದೇ ಉಪಕಾರಕ್ಕೆ ಬಂತು.

ಸ್ವಾತಂತ್ರ್ಯದ ನಂತರ ಬೆಂಗಳೂರು ಈ ಹವ್ಯಾಸದ ದೊಡ್ಡ ಗರಡಿಮನೆಯಾಯಿತು. ಓ. ಸಿ. ಎಡ್ವರ್ಡ್ಸ್ ಅವರ ಬಳಿ ಪಳಗಿದ ಟಿ. ಎನ್. ಎ. ಪೆರುಮಾಳ್ ರಾತ್ರಿಯ ಜೀವಿಗಳನ್ನು ಫ್ಲ್ಯಾಶ್ ಬೆಳಕಿನಲ್ಲಿ ಹಿಡಿಯುವುದರಲ್ಲಿ ಹೆಸರಾದರು, ತಾವು ಕಲಿತದ್ದನ್ನು ಒಂದೆರಡು ತಲೆಮಾರಿಗೆ ಕೈಯೆತ್ತಿ ಕೊಟ್ಟರು. ಇ. ಹನುಮಂತರಾವ್ ಅವರ ಚಿತ್ರಗಳು ಹೊರದೇಶದ ಪತ್ರಿಕೆಗಳನ್ನು ಮುಟ್ಟಿದವು. ಇನ್ನು ಸಂಡೂರಿನ ಎಂ. ವೈ. ಘೋರ್ಪಡೆ! ದೇವರಾಜ ಅರಸು ಅವರ ಸರ್ಕಾರದಲ್ಲಿ ಹಣಕಾಸು ಸಚಿವರಾಗಿದ್ದವರು ಕಪ್ಪುಬಿಳುಪಿನಲ್ಲಿ ಸಲಗಗಳ ಮುಖ ಹಿಡಿದರು. 1983ರಲ್ಲಿ ತಮ್ಮ ಚಿತ್ರ-ದಿನಚರಿಯನ್ನೇ ಪುಸ್ತಕ ಮಾಡಿದರು. ಬಜೆಟ್ ಮಂಡಿಸುವ ಕೈಯಲ್ಲಿ ಕ್ಯಾಮೆರಾ ನೋಡುವ ಅದೃಷ್ಟ ಈ ರಾಜ್ಯಕ್ಕೆ ಮತ್ತೆ ಬಂದದ್ದು ನನಗಂತೂ ನೆನಪಿಲ್ಲ.

ರೀಲಿನ ಕಾಲದ ಕಷ್ಟವನ್ನು ಇಂದಿನವರಿಗೆ ಹೇಳಿ ತಿಳಿಸುವುದು ಕಷ್ಟ. ಒಂದು ರೀಲಿಗೆ 36 ಚಿತ್ರ. ಬಣ್ಣದ ಸ್ಲೈಡ್ ಫಿಲ್ಮಿನ ವೇಗ 25 ಅಥವಾ 64 ಎಎಸ್‌ಎ. ಸೂರ್ಯ ಇಳಿದರೆ ಕೆಲಸ ಮುಗಿಯಿತು. ಕರಡಿಯಂಥ ಪ್ರಾಣಿ ಹೊರಬರುವುದೇ ಆ ಹೊತ್ತಿಗೆ. ಸಾಲದ್ದಕ್ಕೆ ಅದರ ಕಪ್ಪು ಮೈ ಕ್ಯಾಮೆರಾದ ಮೀಟರಿಗೇ ಮೋಸ ಮಾಡುತ್ತದೆ. ಚೌಕಟ್ಟಿನ ತುಂಬ ಕಪ್ಪು ತುಂಬಿಕೊಂಡರೆ ಬೆಳಕು ಸಾಲದೆಂದು ಮೀಟರು ಭಾವಿಸಿ ಹೆಚ್ಚು ಬೆಳಕು ಬಿಟ್ಟುಕೊಳ್ಳುತ್ತದೆ. ಕಪ್ಪು ಕೂದಲು ಬೂದಿಬಣ್ಣಕ್ಕೆ ತಿರುಗಿ, ಹಿಂದಿನ ಬಂಡೆ ಸುಣ್ಣ ಬಳಿದಂತಾಗುತ್ತದೆ. ಹಾಗಾಗಿ ಎಕ್ಸ್‌ಪೋಷರನ್ನು ಬೇಕೆಂದೇ ತಗ್ಗಿಸಬೇಕು. ರೀಲು ತೊಳೆದು ಬರುವವರೆಗೆ ಸರಿಯೋ ತಪ್ಪೋ ಗೊತ್ತಿಲ್ಲ. ಬಳ್ಳಾರಿ ಸೀಮೆಯ ದರೋಜಿ 1994ರಲ್ಲಿ ಕರಡಿಧಾಮವಾಗಿ, ಬಂಡೆಗೆ ಬೆಲ್ಲದ ಪಾಕ ಸವರಿ ಹಗಲು ಬೆಳಕಿನಲ್ಲೇ ಕರಡಿಗಳನ್ನು ಕರೆಯುವ ರೂಢಿ ಬಂದ ಮೇಲೆ ಆ ಪ್ರಾಣಿಯ ಒಳ್ಳೆಯ ಚಿತ್ರಗಳು ರಾಶಿ ಬಿದ್ದವು. ಚಿತ್ರ ಸಿಕ್ಕಿತು ನಿಜ, ಆದರೆ ಬೆಲ್ಲ ನೆಕ್ಕುವ ಕರಡಿಗೂ ಗೆದ್ದಲ ಹುತ್ತ ಕೆದಕುವ ಕರಡಿಗೂ ಇರುವ ಅಂತರ ಆ ಚಿತ್ರಗಳಲ್ಲಿ ಕಾಣುವುದಿಲ್ಲ.

ಕನ್ನಡದ ಮಟ್ಟಿಗೆ ಕ್ಯಾಮೆರಾವನ್ನು ಜನರ ಮಾತಿನೊಳಗೆ ತಂದವರು ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ. ಹಕ್ಕಿಗಳ ಚಿತ್ರ ತೆಗೆದರು, ಚಿತ್ರದ ಜೊತೆಗೆ ಕಾಯುವ ಕಷ್ಟವನ್ನೂ ನಗೆಯನ್ನೂ ಬರೆದರು. ಅವರನ್ನು ಓದಿ ಬೈನಾಕ್ಯುಲರ್ ಕೊಂಡವರು ನಾಡಿನ ಪ್ರತಿ ತಾಲ್ಲೂಕಿನಲ್ಲಿ ಸಿಗುತ್ತಾರೆ. ಮೈಸೂರಿನ ಕೃಪಾಕರ–ಸೇನಾನಿ ಜೋಡಿ ಕಾಡುನಾಯಿಗಳ ಬೆನ್ನುಹತ್ತಿ ಸ್ಥಿರಚಿತ್ರದಿಂದ ಚಲನಚಿತ್ರಕ್ಕೆ ದಾಟಿತು. 1997ರಲ್ಲಿ ಕಾಡುಗಳ್ಳ ವೀರಪ್ಪನ್ ಈ ಇಬ್ಬರನ್ನೂ ಒಯ್ದು ಹದಿನಾಲ್ಕು ದಿನ ಇಟ್ಟುಕೊಂಡ ಕಥೆ ಎಲ್ಲರಿಗೂ ಗೊತ್ತು. ಅಮೋಘವರ್ಷ, ಕಲ್ಯಾಣ್ ವರ್ಮ ಅವರ ‘ವೈಲ್ಡ್ ಕರ್ನಾಟಕ’ 2020ರಲ್ಲಿ ಡೇವಿಡ್ ಅಟೆನ್‌ಬರೊ ಅವರ ದನಿಯೊಂದಿಗೆ ಚಿತ್ರಮಂದಿರಕ್ಕೇ ಬಂತು. ಇವೆಲ್ಲ ದೊಡ್ಡ ಕೆಲಸಗಳೇ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂಬ ನಮ್ಮ ನಾಲ್ಕು ತಾಲ್ಲೂಕುಗಳಿಗೆ ಸಂಬಂಧಪಟ್ಟ ತಿರುವು ಮಾತ್ರ ಬೇರೆ ಕಡೆ ಆಯಿತು.

1990ರ ದಶಕದ ಆರಂಭದಲ್ಲಿ ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಚಾಂಪಿಯನ್‌ನ ತಂತಿಯ ಉಪಾಯಕ್ಕೆ ಹೊಸ ರೂಪ ಕೊಟ್ಟರು. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ. ದಾರಿಯ ಎರಡೂ ಬದಿ ಕ್ಯಾಮೆರಾ ಕಟ್ಟಿ ಎರಡೂ ಮಗ್ಗುಲಿನ ಚಿತ್ರ ಹಿಡಿದರೆ ಒಂದೊಂದು ಹುಲಿಯನ್ನೂ ಗುರುತಿಸಬಹುದು. ಎಷ್ಟು ಹುಲಿಗಳು ಎಷ್ಟು ಸಲ ಮರಳಿ ಸಿಕ್ಕವೆಂಬ ಲೆಕ್ಕದಿಂದ ಒಟ್ಟು ಸಂಖ್ಯೆಯನ್ನು ಅಂದಾಜಿಸಬಹುದು. 1995ರಲ್ಲಿ ಅವರ ಪ್ರಬಂಧ ಪ್ರಕಟವಾಯಿತು. ಛಾಯಾಗ್ರಾಹಕನಿಲ್ಲದ ಛಾಯಾಚಿತ್ರಕ್ಕೆ ಅಲ್ಲಿಂದ ಲೆಕ್ಕದ ಬೆಲೆ ಬಂತು. ಚಿರತೆಯ ಚುಕ್ಕಿಗಳಿಗೂ ಇದೇ ಗುಣವಿದೆ. ಹೀಗಾಗಿ ಕ್ಯಾಮೆರಾ ಟ್ರ್ಯಾಪ್ ಎಂಬ ಈ ಉಪಾಯ ಹುಲಿಕಾಡು ದಾಟಿ ಕುರುಚಲು ಕಾಡಿಗೆ ಇಳಿಯಿತು.

ಇಳಿದ ಮೇಲೆ ಕಂಡದ್ದು ಕಡಿಮೆಯೇನಲ್ಲ. ಹಿರಿಯೂರಿನ ನೆರೆಯ ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಾಡಿನಲ್ಲಿ ಸಂಜಯ್ ಗುಬ್ಬಿ ಮತ್ತವರ ತಂಡದ ಕ್ಯಾಮೆರಾಗಳಿಗೆ ಚಿಂಕಾರ ಎಂಬ ಹುಲ್ಲೆ ಸಿಕ್ಕಿತು. ಬಾಗಲಕೋಟೆ ಕಡೆಯ ಯಡಹಳ್ಳಿಯ ಪ್ರಾಣಿ ಎಂದುಕೊಂಡಿದ್ದು ಇಷ್ಟು ದಕ್ಷಿಣದಲ್ಲಿ ಓಡಾಡಿಕೊಂಡಿತ್ತು. 2019ರಲ್ಲಿ ಬುಕ್ಕಾಪಟ್ಟಣ ಚಿಂಕಾರ ವನ್ಯಧಾಮವಾಯಿತು. ಅದಕ್ಕೂ ಮೊದಲು, 2011ರಲ್ಲಿ ಜಗಳೂರಿನ ರಂಗಯ್ಯನದುರ್ಗ ಕೊಂಡುಕುರಿಗಾಗಿ, 2015ರಲ್ಲಿ ಚಿತ್ರದುರ್ಗದ ಬೆನ್ನಿಗೇ ಇರುವ ಜೋಗಿಮಟ್ಟಿ, ಸುಮಾರು 100 ಚದರ ಕಿಲೋಮೀಟರು, ವನ್ಯಧಾಮಗಳಾದವು. ಟ್ರ್ಯಾಪ್ ಚಿತ್ರಗಳಿಗೆ ಚೆಂದವೇನೂ ಇರುವುದಿಲ್ಲ. ಪ್ರಾಣಿಯ ಅರ್ಧ ಮೈ ಚೌಕಟ್ಟಿನಾಚೆ, ಕಣ್ಣಲ್ಲಿ ಫ್ಲ್ಯಾಶಿನ ಹೊಳಪು, ಮೂಲೆಯಲ್ಲಿ ತಾರೀಕು, ಗಂಟೆ. ಯಾವ ಸ್ಪರ್ಧೆಗೂ ಹೋಗದ ಚಿತ್ರಗಳವು. ‘ಇಲ್ಲಿ ಇದೆ’ ಎಂದು ಕಡತದಲ್ಲಿ ನಿಲ್ಲುವ ಸಾಕ್ಷಿಯಾಗಿ ಮಾತ್ರ ಅವಕ್ಕೆ ಸಾಟಿಯಿಲ್ಲ. ಬಹುಮಾನ ಪಡೆದ ನೂರು ಹುಲಿಚಿತ್ರಗಳಿಗಿಂತ ಆ ಒಂದು ಮಸುಕು ಚಿಂಕಾರಕ್ಕೆ ನಾನು ಹೆಚ್ಚು ಅಂಕ ಕೊಡುತ್ತೇನೆ.

ಜೋಗಿಮಟ್ಟಿಯಿಂದ ಹಿರಿಯೂರಿನ ಮಾರಿಕಣಿವೆಯ ಕಡೆಗೆ, ಅಲ್ಲಿಂದ ಹೊಸದುರ್ಗದ ಗುಡ್ಡಗಳವರೆಗೆ ಹಬ್ಬಿದ ಸೀಮೆಯಿದು. ದಿಂಡಿಗ, ಜಾಲಿ, ಸೀತಾಫಲ, ನಡುವೆ ಬೋಡು ಬಂಡೆ. ಚಿರತೆ, ಕರಡಿ, ತೋಳ, ಮುಳ್ಳುಹಂದಿ, ನವಿಲು ಇಲ್ಲಿಯ ನಿವಾಸಿಗಳು. ಗುಡ್ಡದ ಸಾಲಿನ ಮೇಲೆ ಜನ ‘ಫ್ಯಾನು’ ಎಂದು ಕರೆಯುವ ಗಾಳಿಯಂತ್ರಗಳು. ಅವನ್ನು ಚೌಕಟ್ಟಿನಿಂದ ಹೊರಗಿಡಲು ಛಾಯಾಗ್ರಾಹಕರು ಪಡುವ ಪಾಡು ನೋಡಿದರೆ ನಗು ಬರುತ್ತದೆ. ಇಲ್ಲಿನ ಚಿರತೆ ಬದುಕುತ್ತಿರುವುದೇ ಫ್ಯಾನಿನ ನೆರಳಲ್ಲಿ, ಕುರಿಹಟ್ಟಿಯ ಮಗ್ಗುಲಲ್ಲಿ. ಅದನ್ನು ಬಿಟ್ಟು ತೆಗೆದ ಚಿತ್ರ ಬೇರೆ ಯಾವುದೋ ಊರಿನದಾಗುತ್ತದೆ. 1907ರಲ್ಲಿ ಮುಗಿದ ಮಾರಿಕಣಿವೆಯ ಜಲಾಶಯ ವಾಣಿವಿಲಾಸ ಸಾಗರ 1933ರ ನಂತರ 2022ರಲ್ಲಿ ಕೋಡಿ ಬಿದ್ದಾಗ ಜಿಲ್ಲೆಯ ಮೊಬೈಲುಗಳೆಲ್ಲ ಆ ನೀರಿನ ಕಡೆ ತಿರುಗಿದವು. ಅದೇ ನೀರಿನ ದಡದ ಹಕ್ಕಿಗಳ ಕಡೆ ತಿರುಗಿದವು ಎಷ್ಟೋ!

ದೊಡ್ಡ ಲೆನ್ಸಿಲ್ಲದವನಿಗೆ ಈ ಸೀಮೆಯ ಒಳ್ಳೆಯ ಗುರು ಓತಿಕ್ಯಾತ. ಕೋಟೆಯ ಬಂಡೆಗಳ ಮೇಲೆ ಕೂತು ತಲೆಯಾಡಿಸುವ ಕಲ್ಲುಓತಿ. ಹೆಣ್ಣು, ಮರಿ ಬಂಡೆಯ ಬಣ್ಣದವೇ. ಬೆದೆಗೆ ಬಂದ ಗಂಡಿನ ಬಣ್ಣ ಮಾತ್ರ ನಿಮ್ಮ ಕಣ್ಣೆದುರೇ ಬದಲಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಇದನ್ನು ಅಳೆದು ನೋಡಿದ್ದಾರೆ: ಹೆಣ್ಣಿನೆದುರು ಬೆನ್ನು ಕೆಂಪಾಗಿ ಪಕ್ಕೆ ಕಪ್ಪಾಗುತ್ತದೆ, ಎದುರಾಳಿ ಗಂಡು ಬಂದರೆ ಬೆನ್ನು ಹಳದಿಗೆ, ಪಕ್ಕೆ ಕಿತ್ತಳೆಗೆ ತಿರುಗುತ್ತದೆ. ಒಂದೇ ಚಿತ್ರದಲ್ಲಿ ಇದು ಸಿಗುವುದಿಲ್ಲ. ಬಿಸಿಲು ಕಾದ ಬಂಡೆಯ ಮೇಲೆ ಹೊಟ್ಟೆ ಹಚ್ಚಿ ಮಲಗಿ, ಅದರ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಇಳಿಸಿ, ಸಾಲಾಗಿ ತೆಗೆಯುತ್ತ ಹೋಗಬೇಕು. ಮೊಣಕೈ ಸುಡುತ್ತದೆ, ಅಂಗಿ ಹರಿಯುತ್ತದೆ.

ಅಲ್ಲಿಂದ ಇನ್ನೂ ಕೆಳಗಿಳಿದರೆ ಮ್ಯಾಕ್ರೋ. ಡಿಜಿಟಲ್ ಬಂದು ರೀಲಿನ ಖರ್ಚು ತಪ್ಪಿದ ಮೇಲೆ ಹುಳಹುಪ್ಪಟೆಗಳ ಛಾಯಾಗ್ರಹಣ ಹರಡಿದ ವೇಗ ಹುಲಿಯದ್ದಕ್ಕಿಂತ ಹೆಚ್ಚು. ಹಳೆಯ 50 ಮಿ.ಮೀ. ಲೆನ್ಸನ್ನು ತಿರುಗಾಮುರುಗಾ ಕೂರಿಸಿದರೂ ಇರುವೆಯ ಮುಖ ಕಾಣುತ್ತದೆ. ಅಜಯ್ ನರೇಂದ್ರ, ಸುನಿಲ್ ಕುಮಾರ್ ಅವರ ದಕ್ಷಿಣ ಭಾರತದ ಇರುವೆಗಳ ಕೈಪಿಡಿ 2006ರಲ್ಲಿ ಬಂದಾಗ, ಕಾಲಡಿಯ ಇರುವೆಗೂ ಹೆಸರುಂಟೆಂದು ಹಲವರಿಗೆ ಗೊತ್ತಾಯಿತು. ಚಿತ್ರದುರ್ಗದ ಕೆಂಪುಮಣ್ಣಿನಲ್ಲಿ ಮುಂಗಾರಿನ ಮೊದಲ ಹದಮಳೆಯ ಮರುದಿನ ಹೊರಡುವ ಕೆಂಪು ಮಖಮಲ್ಲಿನ ಹುಳುವನ್ನೇ ತೆಗೆದುಕೊಳ್ಳಿ. ಮಕ್ಕಳು ಬೆಂಕಿಪೊಟ್ಟಣದಲ್ಲಿ ತುಂಬಿಕೊಳ್ಳುವ ಹುಳು, ಉದ್ದ ಒಂದು ಸೆಂಟಿಮೀಟರಿನ ಆಸುಪಾಸು. ಎಂಟು ಕಾಲು ಎಣಿಸಿದರೆ ಅದು ಜೇಡ-ಉಣ್ಣೆಗಳ ಬಳಗದ್ದೆಂದು ತಿಳಿಯುತ್ತದೆ. ಆ ಕೆಂಪು ಮಾತ್ರ ಸೆನ್ಸರಿಗೆ ತಲೆನೋವು. ಕೆಂಪು ಹೆಚ್ಚಾಗಿ ಕೂದಲಿನ ವಿವರವೆಲ್ಲ ಅಳಿಸಿ ಒಂದು ಮುದ್ದೆಯಾಗುತ್ತದೆ. ಮೋಡದ ಬೆಳಕಿನಲ್ಲಿ ಎಕ್ಸ್‌ಪೋಷರನ್ನು ಒಂದಿಷ್ಟು ಇಳಿಸಿ ತೆಗೆದರೆ ರೋಮ ರೋಮವೂ ಬಿಡಿಯಾಗಿ ನಿಲ್ಲುತ್ತದೆ.

ಬರಿಗಣ್ಣಿಗೆ ಕಾಣದ ಲೋಕವನ್ನು ಚಿತ್ರಿಸುವ ಆಸೆ ಛಾಯಾಗ್ರಹಣದಷ್ಟೇ ಹಳೆಯದು. ಹುಲಿಯ ಚಿತ್ರಕ್ಕೂ ಎಷ್ಟೋ ಮೊದಲು, 1845ರಲ್ಲಿ, ಪ್ಯಾರಿಸ್ಸಿನ ಆಲ್ಫ್ರೆಡ್ ಡೊನೆ ಮತ್ತು ಲಿಯಾನ್ ಫೂಕೊ ಸೂಕ್ಷ್ಮದರ್ಶಕದ ಮೂಲಕ ತೆಗೆದ ಚಿತ್ರಗಳ ಆಧಾರದ ಮೇಲೆ ಒಂದು ಚಿತ್ರಸಂಪುಟವನ್ನೇ ಹೊರತಂದರು. ಅಂದರೆ ಚಿಕ್ಕದು ಮೊದಲು ಬಂತು, ದೊಡ್ಡದು ಆಮೇಲೆ. ಪ್ರಯೋಗಾಲಯದ ಮೇಜಿನ ಮೇಲೆ ಅದು ಓಡಿಹೋಗಲಾರದಲ್ಲ! ಆ ಮೇಜಿನಿಂದ ಅದನ್ನು ಹಳ್ಳಿಗೆ ತಂದದ್ದು ಇತ್ತೀಚಿನ ಮಾತು. ಸ್ಟ್ಯಾನ್‌ಫರ್ಡಿನ ಮನು ಪ್ರಕಾಶ್ ಮತ್ತು ಸಂಗಡಿಗರು 2014ರಲ್ಲಿ ಲೋಕಕ್ಕೆ ತೋರಿಸಿದ ಫೋಲ್ಡ್‌ಸ್ಕೋಪ್, ಕಾಗದ ಮಡಚಿ ಮಾಡುವ ಸೂಕ್ಷ್ಮದರ್ಶಕ. ಸುಮಾರು 140 ಪಟ್ಟು ಹಿಗ್ಗಿಸುತ್ತದೆ, ಮೊಬೈಲಿಗೆ ಅಂಟಿಸಿದರೆ ಚಿತ್ರವೂ ಸಿಗುತ್ತದೆ.

ದಖ್ಖನಿನ ಬಂಡೆಗುಂಡಿಗಳು ಇದಕ್ಕೆ ಹೇಳಿ ಮಾಡಿಸಿದ ಜಾಗ. ಮಳೆಗಾಲದಲ್ಲಿ ತುಂಬಿ, ಮತ್ತೆ ಬತ್ತಿಹೋಗುವ ಅಂಗೈಯಗಲದಿಂದ ಆಳುದ್ದದವರೆಗಿನ ಕುಳಿಗಳು. ಇಂಥ ನೀರಿನಲ್ಲಿ ಫೇರಿ ಶ್ರಿಂಪ್ ಎಂಬ ಸೀಗಡಿಯ ದೂರದ ನೆಂಟ ಬದುಕುತ್ತದೆ. ಬೆನ್ನು ಕೆಳಗೆ, ಹೊಟ್ಟೆ ಮೇಲೆ ಮಾಡಿ ಈಜುತ್ತದೆ. ನೀರು ಬತ್ತಿದರೆ ಅದರ ಮೊಟ್ಟೆ ದೂಳಿನಲ್ಲಿ ವರ್ಷಗಟ್ಟಲೆ ಕಾದು ಮುಂದಿನ ಮಳೆಗೆ ಒಡೆಯುತ್ತದೆ. ಒಂದು ಹನಿ ನೀರನ್ನು ಗಾಜಿನ ಮೇಲಿಟ್ಟರೆ ಬಾಯಿಸುತ್ತಲ ರೋಮ ತಿರುಗಿಸಿ ಆಹಾರ ಸೆಳೆಯುವ ರೋಟಿಫರ್, ಹಸಿರು ಪಾಚಿಯ ಎಳೆಗಳು. ಓಡುವ ಜೀವಿಯನ್ನು ತಡೆಯಲು ನಾಲ್ಕೆಳೆ ಹತ್ತಿ ಸಾಕು; ಎಳೆಗಳ ನಡುವೆ ಸಿಕ್ಕಿ ನಿಧಾನವಾಗುತ್ತದೆ. ಗೋಡೆಯ ಹಾವಸೆಯನ್ನು ನೀರಲ್ಲಿ ನೆನೆಸಿ ಹಿಂಡಿದರೆ ಅದೃಷ್ಟವಿದ್ದವರಿಗೆ ಟಾರ್ಡಿಗ್ರೇಡ್, ಅಂದರೆ ನೀರುಕರಡಿ ಸಿಕ್ಕೀತು. ಅರ್ಧ ಮಿಲಿಮೀಟರಿನಷ್ಟು ಮೈ, ಎಂಟು ಮೊಂಡುಕಾಲು, ಉಗುರು, ಗುಡ್ಡದ ಕರಡಿಯದ್ದೇ ತೂಕದ ನಡಿಗೆ. ಒಣಗಿದರೆ ಮುದುಡಿ ಕಾಳಾಗುತ್ತದೆ, ನೀರು ತಾಗಿದರೆ ಮತ್ತೆ ನಡೆಯುತ್ತದೆ.

ಇನ್ನು ಕಟ್ಟುಪಾಡುಗಳ ಮಾತು. ವನ್ಯಧಾಮದೊಳಗೆ ಅರಣ್ಯ ಇಲಾಖೆಯ ಅನುಮತಿ ಬೇಕು; ಗೂಡಿನ ಚಿತ್ರವನ್ನು ಬಲ್ಲವರು ಈಗ ತೆಗೆಯುವುದಿಲ್ಲ. ಜಾಗದ ಹೆಸರಿನ ವಿಷಯದಲ್ಲಿ ದೊಡ್ಡದಕ್ಕೂ ಚಿಕ್ಕದಕ್ಕೂ ನಿಯಮ ತಿರುವುಮುರುವು. ಚಿರತೆಯ ಗವಿ, ಕರಡಿಯ ಪೊಟರೆ, ತೋಳದ ಮರಿಗಳ ಚಿತ್ರ ಹಾಕುವಾಗ ಊರಿನ ಹೆಸರು ಬಿಡಬೇಕು, ಮೊಬೈಲಿನ ಲೊಕೇಷನ್ ಆರಿಸಬೇಕು. ಇಲ್ಲವಾದರೆ ಮರುದಿನವೇ ಜೀಪುಗಳು, ಅದರ ಹಿಂದೆ ಉರುಳು ಹಾಕುವವರು. ಬಂಡೆಗುಂಡಿಯ ಜೀವಿಗೆ ಇದು ತದ್ವಿರುದ್ಧ. ಯಾವ ತಾಲ್ಲೂಕು, ಯಾವ ಗುಡ್ಡ, ಯಾವ ತಾರೀಕು, ನೀರೆಷ್ಟು ಆಳ, ಮಳೆ ಬಿದ್ದು ಎಷ್ಟು ದಿನ ಎಂದು ಬರೆಯದೆ ಹೋದರೆ ಅದು ಬರೀ ಚೆಂದದ ಚಿತ್ರ. ಅಷ್ಟನ್ನು ಬರೆದಿಟ್ಟರೆ ಹೊಳಲ್ಕೆರೆಯ ಒಬ್ಬ ಪಿಯುಸಿ ಹುಡುಗಿಯ ಮೊಬೈಲ್ ಚಿತ್ರವೂ ಜೀವಶಾಸ್ತ್ರಜ್ಞರಿಗೆ ಕೆಲಸಕ್ಕೆ ಬರುತ್ತದೆ. ನಮ್ಮ ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳಲ್ಲಿ ಸೂಕ್ಷ್ಮದರ್ಶಕಗಳಿವೆ, ಪರೀಕ್ಷೆಯ ವಾರ ಬಿಟ್ಟರೆ ಬೀರುವಿನಲ್ಲೇ ಇರುತ್ತವೆ. ಬೀಗದ ಕೈ ಜೂನ್ ತಿಂಗಳಲ್ಲಿ ಒಮ್ಮೆ ಸಿಕ್ಕರೆ ಸಾಕು.