ಮೂರು ಗಾಲಿಯ ವ್ಯಾನು

ಕಳ್ಳಮಾಲು ಮಾರುವವನನ್ನು ಕಂಡು ಒಂದು ದೇಶವೇ ನಗುವುದೆಂದರೇನು? ‘ಓನ್ಲಿ ಫೂಲ್ಸ್ ಅಂಡ್ ಹಾರ್ಸಸ್’ ನೋಡಿದಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡಿದೆ. ಬಿ.ಬಿ.ಸಿ. ಈ ನಗೆನಾಟಕವನ್ನು ಟೆಲಿವಿಷನ್ನಿನಲ್ಲಿ ತೋರಿಸತೊಡಗಿದ್ದು 1981ರ ಸೆಪ್ಟೆಂಬರಿನಲ್ಲಿ. ಮರುವರ್ಷದ ಜನವರಿಗೆ ಬ್ರಿಟನ್ನಿನ ನಿರುದ್ಯೋಗಿಗಳ ಸಂಖ್ಯೆ 30 ಲಕ್ಷ ಮುಟ್ಟಿತು. ದಕ್ಷಿಣ ಲಂಡನ್ನಿನ ಪೆಕ್‌ಹ್ಯಾಮಿನ ಡೆಲ್ ಬಾಯ್ ಆ ಸಾಲಿನಲ್ಲಿ ನಿಲ್ಲುವವನಲ್ಲ. ಸರ್ಕಾರದ ಭತ್ಯೆ ಬೇಡ, ಸರ್ಕಾರಕ್ಕೆ ತೆರಿಗೆಯೂ ಇಲ್ಲ. ಅದೇ ಅವನ ಲೆಕ್ಕ! ಹಳದಿ ಬಣ್ಣದ ಮೂರು ಗಾಲಿಯ ವ್ಯಾನು, ಎಲ್ಲಿಂದಲೋ ಬಂದ ಸಾಮಾನು ತುಂಬಿದ ಸೂಟ್‌ಕೇಸು, ಬೆನ್ನಿಗೆ ತಮ್ಮ ರಾಡ್ನಿ, ಹರಟೆಗೆ ಬೀದಿ ಗುಡಿಸುವ ಗೆಳೆಯ ಟ್ರಿಗರ್.

ಇದನ್ನು ಬರೆದ ಜಾನ್ ಸಲಿವನ್ ಕೊಳಾಯಿ ಕೆಲಸದವರೊಬ್ಬರ ಮಗ, ಬಿ.ಬಿ.ಸಿ.ಯಲ್ಲೇ ರಂಗಸಜ್ಜಿಕೆ ಸಾಗಿಸುತ್ತಿದ್ದವರು. ಅದಕ್ಕೇ ಇರಬೇಕು, ಅವರು ಬಡವರನ್ನು ಅಟ್ಟದ ಮೇಲಿಂದ ನೋಡಿ ನಕ್ಕವರಲ್ಲ. ಆದರೂ ಡೆಲ್‌ನ ಮುರುಕು ಸಾಮಾನು ಕೊಂಡು ಮೋಸಹೋದವರು ಅವನ ಕೇರಿಯ ಬಡವರೇ ತಾನೆ? ನಾಟಕ ಅವರ ಕಡೆ ಹೆಚ್ಚು ತಿರುಗುವುದಿಲ್ಲ. ಇದೊಂದು ನನ್ನ ತಕರಾರು.

1996ರ ಡಿಸೆಂಬರ್ 29ರ ಕಂತಿನಲ್ಲಿ ಅಣ್ಣತಮ್ಮಂದಿರಿಗೆ ಕೊನೆಗೂ ಲಕ್ಷ್ಮಿ ಒಲಿದಳು. ಅದನ್ನು ನೋಡಿದವರು 2 ಕೋಟಿ 43 ಲಕ್ಷ ಮಂದಿ. ಗ್ಯಾರೇಜಿನ ಮೂಲೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಹಳೆಯ ಗಡಿಯಾರವೊಂದು 62 ಲಕ್ಷ ಪೌಂಡಿಗೆ ಹರಾಜಾಯಿತು. ಅದು ಮಾತ್ರ ಕಳ್ಳಮಾಲಲ್ಲ. ಯಾರದೋ ಮನೆ ಖಾಲಿ ಮಾಡಿಸುವಾಗ ಸಿಕ್ಕಿದ್ದು.