ಹಳೆಯ ಕಾರು: ಐವತ್ತರ ಗೌರವ, ಇಪ್ಪತ್ತರ ಹೊರೆ

ದಸರಾ ಸಂದರ್ಭದಲ್ಲಿ ಮೈಸೂರಿನಲ್ಲಿ ವಿಂಟೇಜ್ ಕಾರುಗಳ ರ್ಯಾಲಿ ನಡೆದದ್ದುಂಟು. ಆನೆ, ಅಂಬಾರಿ ನೋಡಲು ಬಂದವರು ಈ ಕಾರುಗಳನ್ನೂ ಅಷ್ಟೇ ಕುತೂಹಲದಿಂದ ಮುತ್ತಿಕೊಳ್ಳುತ್ತಾರೆ. ಈ ಬಗೆಯ ರ್ಯಾಲಿಯನ್ನು ನಮ್ಮ ದೇಶದಲ್ಲಿ ರೂಢಿಗೆ ತಂದದ್ದು ಒಂದು ಪತ್ರಿಕೆ. ‘ದಿ ಸ್ಟೇಟ್ಸ್‌ಮನ್’ 1964ರಲ್ಲಿ ದೆಹಲಿಯಲ್ಲಿ ಅದನ್ನು ಆರಂಭಿಸಿತು.

ಹಳೆಯದೆಲ್ಲ ವಿಂಟೇಜ್ ಅಲ್ಲ. ದ್ರಾಕ್ಷಿ ಸುಗ್ಗಿಗೆ ಸಂಬಂಧಿಸಿದ ಈ ಪದವನ್ನು ಮೋಟಾರಿಗೆ ಅಂಟಿಸಿದವರು ಇಂಗ್ಲೆಂಡಿನ ಹವ್ಯಾಸಿಗಳು. 1934ರಲ್ಲಿ ಸ್ಥಾಪನೆಯಾದ ಅಲ್ಲಿನ ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್ಬಿನ ಲೆಕ್ಕದಲ್ಲಿ 1930ರ ಕೊನೆಯೊಳಗೆ ತಯಾರಾದ ಕಾರಿಗೆ ಮಾತ್ರ ಆ ಹೆಸರು ಸಲ್ಲುತ್ತದೆ. ಭಾರತ ಸರ್ಕಾರದ ಲೆಕ್ಕ ಬೇರೆ. 2021ರ ಜುಲೈನಲ್ಲಿ ಹೊರಡಿಸಿದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ಕಳೆದ, ಮೂಲ ರೂಪ ಉಳಿಸಿಕೊಂಡ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನ ವಿಂಟೇಜ್. ಹೊಸದಾಗಿ ನೋಂದಾಯಿಸಿದರೆ ಸಂಖ್ಯಾಫಲಕದಲ್ಲಿ ‘ವಿಎ’ ಅಕ್ಷರಗಳು ಬರುತ್ತವೆ. 10 ವರ್ಷಕ್ಕೆ ಶುಲ್ಕ 20,000 ರೂಪಾಯಿ. ಪ್ರದರ್ಶನ, ರ್ಯಾಲಿ, ಇಂಧನ, ದುರಸ್ತಿಗಾಗಿ ಮಾತ್ರ ರಸ್ತೆಗಿಳಿಯಬಹುದು. ನಿತ್ಯದ ಓಡಾಟಕ್ಕೆ ಅವಕಾಶವಿಲ್ಲ.

ಅರಮನೆಯ ರೋಲ್ಸ್ ರಾಯ್ಸ್‌ಗಳಂಥ ಕಾರುಗಳಿಗೆ ಇದು ಸರಿ. ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರ ಸಂಗ್ರಹಕ್ಕೆ ಧರ್ಮಸ್ಥಳದಲ್ಲೂ, 2023ರಲ್ಲಿ ಶ್ರೀರಂಗಪಟ್ಟಣದ ಬಳಿ ತೆರೆದ ‘ಪಯಣ’ದಲ್ಲೂ ನೆಲೆ ದೊರೆತಿದೆ. ಕಷ್ಟವಿರುವುದು ನಡುವಯಸ್ಸಿನ ವಾಹನಗಳಿಗೆ.

ಹೂವಿನ ಹಿಪ್ಪರಗಿ, ಬಸವನ ಬಾಗೇವಾಡಿ ಕಡೆಯ ಕಮತದ ಮನೆಯಲ್ಲಿ ‘ಕೆಎ 28’ರ ಹಳೆಯ ಜೀಪೊಂದು ಉಳಿದಿದೆ ಎನ್ನೋಣ. ಆ ಸಂಖ್ಯಾ ಪದ್ಧತಿ ಬಂದದ್ದೇ 1989ರಲ್ಲಿ. ಅದಕ್ಕೂ ಮುನ್ನ ರಾಜ್ಯದ ಹಳೆಯ ಫಲಕಗಳಲ್ಲಿ ಮೈಸೂರಿನ ನೆನಪಿನ ‘ಎಂವೈ’ ಇರುತ್ತಿತ್ತು. ಅಂದಮೇಲೆ ‘ಕೆಎ’ ಸಂಖ್ಯೆಯೊಂದಿಗೇ ಮೊದಲು ರಸ್ತೆಗಿಳಿದ ಯಾವ ವಾಹನವೂ 2039ಕ್ಕಿಂತ ಮೊದಲು ವಿಂಟೇಜ್ ಆಗಲಾರದು. ಅಲ್ಲಿಯವರೆಗೆ ಅದು ಬರೀ ಹಳೆಯ ಗಾಡಿ. ಅಂಥ 20 ವರ್ಷ ದಾಟಿದ ಲಘು ವಾಹನದ ನೋಂದಣಿ ನವೀಕರಣ ಶುಲ್ಕವನ್ನು 2025ರ ಆಗಸ್ಟ್‌ನಲ್ಲಿ 5,000ದಿಂದ 10,000 ರೂಪಾಯಿಗೆ ಏರಿಸಲಾಯಿತು. ನವೀಕರಣ ಐದೇ ವರ್ಷಕ್ಕೆ. ಹಾಗಾಗಿ ವರ್ಷದ ಲೆಕ್ಕದಲ್ಲಿ ಸಿರಿವಂತರ ವಿಂಟೇಜ್ ಕಾರಿಗೂ ರೈತನ ಜೀಪಿಗೂ ಒಂದೇ ದರ, 2,000 ರೂಪಾಯಿ! ಹೊಗೆ, ಸುರಕ್ಷತೆಯ ಕಾರಣಗಳನ್ನು ತಳ್ಳಿಹಾಕುವಂತಿಲ್ಲ ನಿಜ. ಆದರೆ ಇಂದು ಗುಜರಿಗೆ ಹೋದದ್ದು ನಾಳೆ ರ್ಯಾಲಿಗೆ ಬಾರದು.

1957ರಲ್ಲಿ ಬಂದ ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಅದರ ಕೊನೆಯ ತಂಡ ವಿಂಟೇಜ್ ಆಗುವುದು 2064ಕ್ಕೆ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿನ ಕೊನೆಯ ಯೆಜ್ದಿಗಳು 2046ರವರೆಗೆ ಕಾಯಬೇಕು. ಸವಾರರು ಮಾತ್ರ ಕಾಯುತ್ತಿಲ್ಲ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನದ ನೆಪದಲ್ಲಿ ಗಾಡಿ ಹೊರತೆಗೆದು, ಯಾರ ಬಳಿ ಯಾವ ಬಿಡಿಭಾಗ ಸಿಗುತ್ತದೆಂದು ವಿಚಾರಿಸಿಕೊಳ್ಳುತ್ತಾರೆ.