ಪ್ಯಾಟರ್ಸನ್, ಫ್ರೆಡರಿಕ್ ಡಗ್ಲಾಸ್ (1901–1988)

ಅಮೆರಿಕದ ಶಿಕ್ಷಣತಜ್ಞ, ಕರಿಯರ ಕಾಲೇಜುಗಳಿಗಾಗಿ ಸಾಮೂಹಿಕ ನಿಧಿ ಸಂಗ್ರಹ ರೂಪಿಸಿದಾತ. ವಾಷಿಂಗ್ಟನ್‌ನಲ್ಲಿ ಜನನ. ಎಳವೆಯಲ್ಲೇ ತಂದೆತಾಯಿಗಳನ್ನು ಕಳೆದುಕೊಂಡು ಅಕ್ಕನ ಆಸರೆಯಲ್ಲಿ ಬೆಳೆದ. ಓದಿದ್ದು ಪಶುವೈದ್ಯಕೀಯ, ಅಯೋವಾದಲ್ಲಿ ಪದವಿ, ಕಾರ್ನೆಲ್‌ನಲ್ಲಿ ಡಾಕ್ಟರೇಟ್. 1935ರಿಂದ 1953ರವರೆಗೆ ಅಲಬಾಮದ ಟಸ್ಕೀಗಿ ಸಂಸ್ಥೆಯ ಅಧ್ಯಕ್ಷ.

ಆರ್ಥಿಕ ಮುಗ್ಗಟ್ಟಿನ ನಂತರ ದೊಡ್ಡ ದಾನಿಗಳ ಕೈ ಬಿಗಿಯಾಗಿತ್ತು. ಕರಿಯರ ಒಂದೊಂದು ಕಾಲೇಜೂ ಅದೇ ಬಾಗಿಲುಗಳನ್ನು ಬೇರೆಬೇರೆಯಾಗಿ ತಟ್ಟುತ್ತಿತ್ತು. ಎಲ್ಲರೂ ಸೇರಿ ಒಂದೇ ಮನವಿ ಸಲ್ಲಿಸಿ, ಬಂದ ಹಣವನ್ನು ಹಂಚಿಕೊಳ್ಳಬೇಕೆಂದು 1943ರಲ್ಲಿ ಪಿಟ್ಸ್‌ಬರ್ಗ್ ಕೊರಿಯರ್ ಪತ್ರಿಕೆಯಲ್ಲಿ ಈತ ಬರೆದ. ದಾನಿಗಳಿಗಾಗಿ ಪೈಪೋಟಿಯಲ್ಲಿದ್ದ ಸಂಸ್ಥೆಗಳನ್ನು ಒಪ್ಪಿಸಿದ್ದೇ ಈತನ ನಿಜವಾದ ಸಾಧನೆ ಎನ್ನಬೇಕು. ಮರುವರ್ಷ 27 ಕಾಲೇಜುಗಳ ಯುನೈಟೆಡ್ ನೀಗ್ರೋ ಕಾಲೇಜ್ ಫಂಡ್ ಹುಟ್ಟಿತು. ಸದಸ್ಯ ಕಾಲೇಜುಗಳಿಗೆ ನೆರವು, ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ, ಎರಡೂ ಅದರ ಕೆಲಸವಾದವು.

ವರ್ಷವರ್ಷದ ವಂತಿಗೆ ಸಾಲದು, ಮೂಲಧನ ಬೆಳೆಯಬೇಕು ಎಂಬ ಅರಿವಿನಿಂದ 1970ರ ದಶಕದಲ್ಲಿ ಕಾಲೇಜುಗಳ ದತ್ತಿನಿಧಿಗೆ ಪ್ರತ್ಯೇಕ ಯೋಜನೆಯನ್ನೂ ರೂಪಿಸಿದ. 1987ರಲ್ಲಿ ಅಧ್ಯಕ್ಷೀಯ ಸ್ವಾತಂತ್ರ್ಯ ಪದಕ ಸಂದಿತು. ಯುನೈಟೆಡ್ ನೀಗ್ರೋ ಕಾಲೇಜ್ ಫಂಡ್‌ನ ಸಂಶೋಧನಾ ಸಂಸ್ಥೆಗೆ ಈತನ ಹೆಸರಿದೆ. ಆದರೆ ಆ ನಿಧಿಯ ವಿದ್ಯಾರ್ಥಿವೇತನಗಳೇ ದೊಡ್ಡ ಸ್ಮಾರಕ, ಅವುಗಳಲ್ಲಿ ಹಲವು ಬೇರೆಯವರ ಹೆಸರು ಹೊತ್ತಿದ್ದರೂ.